ಇಬ್ಬರು ಖಲೀಲರು

ಇಳಿಹೊತ್ತಿನ ಅಸರ್ ನಮಾಜು ಮುಗಿಸಿಕೊಂಡು ಬರುತ್ತೇನೆ, ಆ ಯಂತ್ರದಿಂದ ನನ್ನ ಹೆಸರು ತೆಗೆಯುವುದನ್ನು ಕಣ್ಣಾರೆ ನೋಡಿಯೇ ಹೋಗುತ್ತೇನೆ ಎಂದು ಖಲೀಲ್ ಹೇಳಿಕಳಿಸಿದ್ದ. ಬೆಳಿಗ್ಗೆ ಫೋನಿನಲ್ಲಿ ಅದನ್ನು ಹೇಳಿದವಳು ಅವನ ಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸಬ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಅಪ್ಪನ ಮಾತನ್ನು ಒಪ್ಪಿಸಿ ಮುಗಿಸಿದ ಮೇಲೆ, ನಿಮ್ಮ ಬೆನ್ನುನೋವು ಈಗ ಹೇಗಿದೆ ಮಾಮ ಎಂದು ಕೇಳಿದ್ದಳು. ಆ ಬೆನ್ನುನೋವು ಅವಳ ಮದುವೆಗೆ ಹೋಗದಿರುವುದಕ್ಕೆ ಅವನೇ ಹೇಳಿಕಳಿಸಿದ್ದ ನೆಪ. ಅದನ್ನು ಅವನು ಮರೆತೇಬಿಟ್ಟಿದ್ದ. ಯಾವ ಬೆನ್ನು ಎಂದು ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡು, ಪರವಾಗಿಲ್ಲ ಮಗಳೇ, ದೇವರು ದೊಡ್ಡವನು ಎಂದಿದ್ದ. ಫೋನು ಇಟ್ಟ ಮೇಲೆ ಬೆನ್ನಿನ ಕೆಳಭಾಗದಲ್ಲಿ ನಿಜವಾಗಿಯೂ ಏನೋ ಹಿಡಿದುಕೊಂಡಂತಾಯಿತು. ಮಧ್ಯಾಹ್ನ ಟ್ರಾಮಿನಲ್ಲಿ ಕೂತಾಗಲೂ, ಅಲೆಕ್ಸಾಂಡ್ರಿಯಾದ ಅತ್ತಾರೀನ್ ಬೀದಿಯ ಹಳೆಯ ಕಟ್ಟಡದ ಮೆಟ್ಟಿಲು ಹತ್ತುವಾಗಲೂ ಅದು ಹಾಗೇ ಇತ್ತು. ಅವರ ಊರಿನವರ ಸಂಘದ ಬಾಗಿಲು ತೆರೆದಿತ್ತು. ಹೊರಗಿನ ಕೋಣೆಯಲ್ಲಿ ಅಧ್ಯಕ್ಷ ಫಿಕ್ರಿ ಇನ್ನಿಬ್ಬರು ಮುದುಕರೊಂದಿಗೆ ಡಾಮಿನೋ ಆಡುತ್ತಿದ್ದ. ಕಪ್ಪು ಬಿಲ್ಲೆಗಳನ್ನು ಮೇಜಿಗೆ ಬಡಿಯುವ ಸದ್ದು ಹಲ್ಲು ಕೀಳುವ ಸದ್ದಿನ ಹಾಗೆ ಕೇಳಿಸಿತು. ಸಬ್ರಿ ಸಲಾಂ ಹೇಳಿ ಒಳಗಿನ ಕೋಣೆಗೆ ಹೋಗಿ, ಕಂಪ್ಯೂಟರಿನ ಪರದೆಯನ್ನು ಕರವಸ್ತ್ರದಿಂದ ಒರೆಸಿದ. ಅದರ ಮೇಲೆ ಧೂಳಿರಲಿಲ್ಲ.

ಧೂಳು ಸಹಿಸದವನು ಎಂದೇ ಅವನಿಗೆ ಹೆಸರು. ನಿವೃತ್ತನಾಗುವವರೆಗೂ ಊರಿಗೆ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇದ್ದವನು. ಗಾಜಿನ ಕೊಳವೆಯಲ್ಲಿ ಒಂದು ಕಣ ತೇಲಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಸಂಘದ ಸದಸ್ಯರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಬೇಕೆಂದು ಫಿಕ್ರಿ ಅವನನ್ನು ಕೇಳಿಕೊಂಡಾಗ, ಉಸ್ತಾದ್, ಇದೂ ಒಂಥರಾ ನೀರೇ, ಸ್ವಲ್ಪ ಸೋಸಿಕೊಡು ಎಂದಿದ್ದ. ತಗಡಿನ ಪೆಟ್ಟಿಗೆಗಳಲ್ಲಿ ತುಂಬಿದ್ದ ಹಳೆಯ ಚೀಟಿಗಳು. ಸತ್ತವರು ಬದುಕಿರುವವರ ನಡುವೆ ಕೂತಿದ್ದರು, ಒಬ್ಬನೇ ಮನುಷ್ಯ ಮೂರು ವಿಳಾಸಗಳಲ್ಲಿ ಬಾಳುತ್ತಿದ್ದ, ಕೆಲವು ಫೋನು ಸಂಖ್ಯೆಗಳು ಯಾರೂ ಎತ್ತದ ಕಾಲದವು. ಅಣೆಕಟ್ಟೆಯ ನೀರಿನ ಅಡಿಗೆ ಹೋದ ಆ ನೂಬಿಯ ಊರಿನಲ್ಲಿ ಹೆಸರುಗಳಿಗೂ ಬರಗಾಲವಿತ್ತೇನೋ. ಅಜ್ಜನ ಹೆಸರು ಮೊಮ್ಮಗನಿಗೆ, ಮೊಮ್ಮಗನದು ಅವನ ಮೊಮ್ಮಗನಿಗೆ. ಖಲೀಲನ ಮಗ ಸಾಲಿಹ್, ಸಾಲಿಹನ ಮಗ ಖಲೀಲ್, ಏತದ ಚಕ್ರದ ಮಡಕೆಗಳ ಹಾಗೆ ಅದದೇ ಮೇಲೆ ಬಂದು ಅದದೇ ಕೆಳಗೆ ಹೋಗುತ್ತಿತ್ತು. ಊರು ಬಿಡಿಸುವ ಮುಂಚೆ ಸರ್ಕಾರಿ ವೈದ್ಯನೊಬ್ಬ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಲ್ಲು ನೋಡಿ ವಯಸ್ಸು ಅಂದಾಜು ಮಾಡಿ, ಎಲ್ಲರ ಹುಟ್ಟಿದ ದಿನವನ್ನೂ ಜನವರಿ ಒಂದು ಎಂದೇ ಬರೆದಿದ್ದ. ಹೀಗಾಗಿ ಅಪ್ಪ ಅಜ್ಜಂದಿರ ಸಮೇತ ಒಂದೇ ಹೆಸರು, ಒಂದೇ ಹುಟ್ಟಿದ ದಿನ ಇರುವ ಜೋಡಿಗಳು ಪಟ್ಟಿಯಲ್ಲಿ ಎಷ್ಟೋ ಇದ್ದವು. ಬಹುಪಾಲು ಜೋಡಿಗಳಲ್ಲಿ ಇಬ್ಬರೂ ಒಬ್ಬನೇ, ಮನೆ ಬದಲಿಸಿದಾಗ ಯಾರೋ ಹೊಸ ಚೀಟಿ ಮಾಡಿದ್ದರಷ್ಟೆ. ಕಂಪ್ಯೂಟರು ಒಂದೊಂದು ಜೋಡಿಯನ್ನೂ ಎದುರಿಗಿಟ್ಟು ಕೂಡಿಸಲೇ ಎಂದು ಕೇಳುತ್ತಿತ್ತು, ಸಬ್ರಿ ಹೂಂ ಎನ್ನುತ್ತಿದ್ದ. ಹಾಗೆ ಹೂಂಗುಟ್ಟುತ್ತ ಹೋದ ಒಂದು ಬೆಳಿಗ್ಗೆ ಖಲೀಲ್ ಸಾಲಿಹ್ ಖಲೀಲ್ ಇಬ್ಬರೂ ಒಬ್ಬರಾದರು. ಹೊಸ ಫೋನು ಸಂಖ್ಯೆ ಉಳಿಯಿತು, ಹಳೆಯದು ಹೋಯಿತು. ಉಳಿದದ್ದು ಕುವೈತಿನಲ್ಲಿ ಅಡುಗೆಯವನಾಗಿರುವ ಖಲೀಲನದು. ಹೋದದ್ದು ಇವನದು, ನಗರದಂಚಿನ ಅಗಮಿಯ ಕಡೆ ಮಗಳೊಂದಿಗೆ ಇರುವ ಖಲೀಲನದು, ಸಬ್ರಿಯ ಜೊತೆ ಒಂದೇ ತಟ್ಟೆಯಲ್ಲಿ ಉಂಡವನದು.

ಆ ಜೋಡಿ ಪರದೆಯ ಮೇಲೆ ಬಂದಾಗ ತನ್ನ ಬೆರಳು ಒಂದು ಕ್ಷಣ ತಡೆದಿತ್ತೇ? ಅದನ್ನು ಅವನು ಎಷ್ಟು ಸಲ ಕೇಳಿಕೊಂಡಿದ್ದನೆಂದರೆ, ಈಗ ನೆನಪಾಗುವುದು ಆ ಬೆಳಗಲ್ಲ, ಕೇಳಿಕೊಂಡ ಬೆಳಗುಗಳು. ತಡೆದಿತ್ತು ಎಂದು ಕೆಲವು ಸಲ ಖಚಿತವಾಗಿ ಅನ್ನಿಸುತ್ತದೆ. ಇಬ್ಬರು ಖಲೀಲರಿದ್ದಾರೆಂದು ಊರಿನವರಿಗೆಲ್ಲ ಗೊತ್ತು, ಇವನಿಗೆ ಗೊತ್ತಿರಲಿಲ್ಲವೇ? ಹಳೆಯ ಚೀಟಿಗಳಲ್ಲಿ ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ತಾಯಿಯ ಹೆಸರು ಇರುತ್ತಿತ್ತು. ಇವನು ಖಲೀಲ್ ದಹಿಬಾ, ಕುವೈತಿನವನು ಖಲೀಲ್ ನಬ್ರಾ. ಗಂಡಸರೆಲ್ಲ ಕೈರೋ, ಅಲೆಕ್ಸಾಂಡ್ರಿಯಾಗಳಲ್ಲಿ ದುಡಿಯುತ್ತಿದ್ದ ಆ ಊರಿನಲ್ಲಿ ಮನೆ ಎಂದರೆ ತಾಯಿಯ ಮನೆ, ಮಗು ಎಂದರೆ ಇಂಥವಳ ಮಗು. ಸಬ್ರಿ ಆ ಪೆನ್ಸಿಲಿನ ಸಾಲಿಗೆ ಕಂಪ್ಯೂಟರಿನಲ್ಲಿ ಅಂಕಣವನ್ನೇ ಇಡಲಿಲ್ಲ. ಸಭೆಯಲ್ಲಿ ಯಾರೋ ಕೇಳಿದಾಗ, ಎಲ್ಲರ ಫೋನುಗಳಲ್ಲೂ ನಮ್ಮ ತಾಯಂದಿರ ಹೆಸರು ಓಡಾಡುವುದು ಈ ನಗರದಲ್ಲಿ ಸರಿಯೇ ಎಂದಿದ್ದ. ಹರೆಯದವರು ತಲೆಯಾಡಿಸಿದ್ದರು. ನೀರು ಸೋಸುವುದನ್ನು ಹೊಸಬರಿಗೆ ಕಲಿಸುವಾಗ ಅವನು ಮೊದಲ ದಿನವೇ ಹೇಳುತ್ತಿದ್ದ ಮಾತೊಂದಿತ್ತು: ನಿಮಗೆ ಬೇಕಾದ್ದು ಕೆಳಗಿಳಿದ ನೀರಿನಲ್ಲಿದೆಯೋ ಕಾಗದದ ಮೇಲೆ ಉಳಿದದ್ದರಲ್ಲಿದೆಯೋ, ಅದು ತಿಳಿಯುವ ತನಕ ಕಾಗದ ಬಿಸಾಡಬೇಡಿ.

ತಾಯಿಯ ಹೆಸರು ಎಂದೊಡನೆ ಶಾಲೆಯ ಅಂಗಳ. ಖಲೀಲ್ ಆಗಷ್ಟೇ ಊರಿನ ಕಡೆಯಿಂದ ಬಂದಿದ್ದ. ಅರಬ್ಬಿ ಮಾತು ಅರ್ಧ, ಮೈಗಿಂತ ದೊಡ್ಡದಾದ ಅಂಗಿ. ಮಾವನ ಮನೆಯಲ್ಲಿ ಹೊಟ್ಟೆಗೆ ಸಾಲದೆ ದಿನವೂ ಸಬ್ರಿಯ ಮನೆಗೆ ಬರುತ್ತಿದ್ದ. ಸಬ್ರಿಯ ತಾಯಿ ಬೆಂಡೆಕಾಯಿ ಸಾರಿನಲ್ಲಿ ರೊಟ್ಟಿ ಮುರಿದು ಹಾಕಿ ಇಬ್ಬರಿಗೂ ಒಂದೇ ತಟ್ಟೆ ಇಡುತ್ತಿದ್ದಳು. ಒಂದು ದಿನ ಬುತ್ತಿ ಮರೆತು ಬಂದಿದ್ದ ಸಬ್ರಿಗೆ ಅದನ್ನು ಕೊಡಲು ಅವಳು ಶಾಲೆಯ ಗೇಟಿಗೇ ಬಂದುಬಿಟ್ಟಳು, ನೆಲ ಗುಡಿಸುವ ಕಪ್ಪು ನಿಲುವಂಗಿಯಲ್ಲಿ. ಅಂಗಳದ ಆ ತುದಿಯಲ್ಲಿ ಆಡುತ್ತಿದ್ದ ಅವನನ್ನು ಕರೆಯಲು ಖಲೀಲ್ ಊರಿನ ರೂಢಿಯಂತೆ, ಪಾಪ, ಇಡೀ ಶಾಲೆಗೆ ಕೇಳುವ ಹಾಗೆ ಕೂಗಿದ: ಸಬ್ರಿ ಆಷಾ! ಆಷಾಳ ಮಗ ಸಬ್ರಿ! ಆ ನಗರದ ಹುಡುಗರಲ್ಲಿ ಒಬ್ಬನೂ ತನ್ನ ತಾಯಿಯ ಹೆಸರನ್ನು ಇನ್ನೊಬ್ಬನಿಗೆ ಹೇಳಿಕೊಂಡವನಲ್ಲ. ಅದು ತಿಳಿದುಹೋಯಿತೆಂದರೆ ಚಡ್ಡಿ ಕಳಚಿದ ಹಾಗೆ. ಆಮೇಲೆ ಶಾಲೆ ಬಿಡುವ ತನಕ ಅವನಿಗೆ ಬೇರೆ ಹೆಸರೇ ಇರಲಿಲ್ಲ. ಗೋಡೆಯ ಮೇಲೆ ಆಷಾ, ಹಲಗೆಯ ಮೇಲೆ ಆಷಾ, ಮೇಷ್ಟರು ಅತ್ತ ತಿರುಗಿದರೆ ಸಣ್ಣ ದನಿಯಲ್ಲಿ ಆಷಾ, ಆಷಾ. ನೀನು ಇನ್ನು ಶಾಲೆಯ ಹತ್ತಿರ ಬರಬೇಡ ಎಂದು ಅವನು ತಾಯಿಗೆ ಹೇಳಿದ. ಅವಳು ಕಾರಣ ಕೇಳದೆ ನಕ್ಕಳು. ಮತ್ತೆ ಬರಲಿಲ್ಲ. ಅವಳು ತೀರಿಕೊಂಡಾಗ ಸಂಘದ ಗೋಡೆಗೆ ಹಚ್ಚಿದ ಕಾಗದದಲ್ಲಿ ಅವನು ಬರೆಸಿದ್ದು ‘ಉಸ್ತಾದ್ ಸಬ್ರಿಯವರ ತಾಯಿ’ ಎಂದಷ್ಟೇ. ಊರಿನಿಂದ ಬಂದ ಹೆಂಗಸರು ಆ ಕಾಗದದ ಮುಂದೆ ನಿಂತು, ಯಾರಮ್ಮಾ ಇದು, ಯಾವ ಸಬ್ರಿ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅವರಿಗೆ ಉತ್ತರ ಹೇಳಿದವನು ಖಲೀಲ್.

ಹೊರಗೆ ಬಿಲ್ಲೆಗಳ ಸದ್ದು ನಿಂತಿತು, ಮತ್ತೆ ಶುರುವಾಯಿತು. ಯಾರೋ ಸೋತಿರಬೇಕು. ಫಿಕ್ರಿ ಸೋತರೆ ಬಿಲ್ಲೆ ಕಲಸುವಾಗ ಕೆಮ್ಮುತ್ತಾನೆ, ಈಗ ಕೆಮ್ಮಲಿಲ್ಲ. ಅವನ ತಾಯಿ ತೀರಿಕೊಂಡದ್ದು ಹೋದ ಚಳಿಗಾಲ, ಕಂಪ್ಯೂಟರು ಬಂದ ಮೇಲಿನ ಮೊದಲ ಸಾವು. ಮುಂಚೆ ಸಾವಿನ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಒಬ್ಬನು ಇಬ್ಬರಿಗೆ, ಆ ಇಬ್ಬರು ತಮ್ಮ ಬೀದಿಯವರಿಗೆ. ಅದರಲ್ಲಿ ತಪ್ಪುಗಳೂ ಇದ್ದವು. ಒಮ್ಮೆ ಬದುಕಿದ್ದವನ ಮನೆಗೇ ಎಲ್ಲರೂ ಅಳುತ್ತ ಹೋಗಿ, ಅವನೇ ಬಾಗಿಲು ತೆರೆದು, ಬಂದವರಿಗೆಲ್ಲ ಚಹಾ ಕೊಟ್ಟು ಕಳಿಸಿದ್ದ. ಆದರೆ ಯಾರೂ ಬಿಟ್ಟುಹೋಗುತ್ತಿರಲಿಲ್ಲ. ಈ ಸಲ ಸಬ್ರಿ ಒಂದು ಗುಂಡಿ ಒತ್ತಿದ, ಎಲ್ಲರ ಜೇಬುಗಳೂ ಒಟ್ಟಿಗೆ ಸದ್ದು ಮಾಡಿದವು, ಇನ್ನೊಬ್ಬರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮೂರು ದಿನ ಈ ಕೋಣೆಗಳಲ್ಲಿ ಸಂತಾಪಕ್ಕೆ ಕೂತರು. ಸುಯೆಜ್‌ನಿಂದ ಬಂದರು, ಅಸ್ವಾನಿನಿಂದ ರೈಲಿನಲ್ಲಿ ರಾತ್ರಿಯೆಲ್ಲ ಕೂತು ಬಂದರು. ಖಲೀಲ್ ಬರಲಿಲ್ಲ. ದಹಿಬಾ ಬಾಣಂತಿಯಾಗಿ ಜ್ವರದಲ್ಲಿ ಮಲಗಿದ್ದಾಗ ಫಿಕ್ರಿಯ ತಾಯಿಯೇ ಆ ಶಿಶುವನ್ನು ಎದೆಗೆ ಹಾಕಿಕೊಂಡು ಬದುಕಿಸಿದವಳು. ಫಿಕ್ರಿ ಒಂದು ಮೊಲೆಗೆ, ಖಲೀಲ್ ಇನ್ನೊಂದಕ್ಕೆ ಎಂದು ಅವಳು ಮುದುಕಿಯಾದ ಮೇಲೂ ಗಂಡಸರ ಮುಂದೆಯೇ ಹೇಳಿ ನಗುತ್ತಿದ್ದಳು. ಬಂದವರ ಕೈ ಹಿಡಿಯಲು ಬಾಗಿಲಲ್ಲಿ ನಿಲ್ಲುವ ಸಾಲಿನಲ್ಲಿ ಫಿಕ್ರಿ ತನ್ನ ಎಡಕ್ಕೆ ಒಬ್ಬನಿಗಾಗುವಷ್ಟು ಜಾಗ ಬಿಟ್ಟುಕೊಂಡು ನಿಂತಿದ್ದ. ಕೊನೆಯ ದಿನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವಾಗ, ಖಲೀಲ್‌ಗೆ ಮೆಸೇಜ್ ಹೋಗಿದೆಯಾ ಎಂದು ಕೇಳಿದ. ಸಬ್ರಿ ಪರದೆ ನೋಡಿ, ಖಲೀಲ್‌ಗೆ ಹೋಗಿದೆ ಎಂದ. ಆಗ ಅದು ಸುಳ್ಳೆಂದು ಅವನಿಗೆ ಗೊತ್ತಿರಲಿಲ್ಲ. ಈ ಒಂದು ವಾಕ್ಯವನ್ನು ಅವನು ತನ್ನ ಪರವಾಗಿ ತಿಂಗಳುಗಟ್ಟಲೆ ಇಟ್ಟುಕೊಂಡಿದ್ದ, ಜ್ವರದವನು ನಾಲಿಗೆಯ ಅಡಿಯಲ್ಲಿ ಥರ್ಮಾಮೀಟರು ಇಟ್ಟುಕೊಂಡ ಹಾಗೆ.

ಗೊತ್ತಾದದ್ದು ನಗೆಯಿಂದ. ಖಲೀಲನ ಮಗಳ ಮದುವೆ ನಿಶ್ಚಯವಾಯಿತೆಂದು ಅವಳ ಸಂಬಂಧದ ಹೆಂಗಸೊಬ್ಬಳು ಬಂದು ತಿಳಿಸಿದಾಗ ಸಂಘದ ರೂಢಿಯಂತೆ ಸಬ್ರಿ ಶುಭಾಶಯ ಕಳಿಸಿದ. ಅದೇ ಸಂಜೆ ಕುವೈತಿನಿಂದ ಫೋನು. ನಬ್ರಾಳ ಮಗ ಖಲೀಲ್ ಅಲ್ಲಿಂದ ಕೂಗುತ್ತಿದ್ದ: “ಏನು ಉಸ್ತಾದ್, ನಂಗೆ ಇರೋರೆಲ್ಲಾ ಗಂಡುಮಕ್ಕಳೇ. ನೀವು ಯಾವಾಗ ಒಂದು ಹೆಣ್ಣು ಹುಟ್ಟಿಸಿ, ದೊಡ್ಡವಳನ್ನ ಮಾಡಿ, ಮದುವೇನೂ ಮಾಡಿಬಿಟ್ರಿ? ಹೆಂಡತಿ ಅಡುಗೆಮನೆಯಿಂದ ಹೊರಗೇ ಬರ್ತಿಲ್ಲ, ಯಾವಳಿಗೆ ಹುಟ್ಟಿದ್ದು ಅಂತ ಕೇಳ್ತಿದಾಳೆ.” ಸಬ್ರಿಯೂ ನಕ್ಕ. ನಗುತ್ತಿರುವಾಗಲೇ ಶುಭಾಶಯ ಯಾವ ಖಲೀಲನಿಗೆ ಹೋಗಿದೆಯೆಂದು ಹೊಳೆಯಿತು. ಫೋನು ಇಟ್ಟು ಶೌಚದ ಕೋಣೆಯ ಮೇಲಿನ ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸಿ, ಎರಡು ಚೀಟಿಗಳನ್ನೂ ಹುಡುಕಿ, ಕೂಡಿಸಿದ್ದನ್ನು ಮತ್ತೆ ಬಿಡಿಸಿದ. ಅಗಮಿಯ ಖಲೀಲನ ಸಂಖ್ಯೆ ಅದರ ಜಾಗಕ್ಕೆ ಬಂತು. ಅಷ್ಟೇ ಕೆಲಸ. ಪಟ್ಟಿ ಈಗ ಸರಿಯಾಗಿತ್ತು, ತಪ್ಪಿನ ಗುರುತೇ ಇರಲಿಲ್ಲ. ಎದ್ದು ಫಿಕ್ರಿಗೆ ಫೋನು ಮಾಡಬೇಕಿತ್ತು. ಹಾಲು ಕೊಟ್ಟವಳ ಸಾವಿಗೇ ಬಾರದವನ ಮನೆಯ ಮದುವೆಗೆ ಊರಿನವರು ಯಾರೂ ಹೋಗುವುದಿಲ್ಲವೆಂಬ ಮಾತು ಆಗಲೇ ಹಬ್ಬಿತ್ತು. ಮದುವೆಗೆ ಇನ್ನೂ ದಿನಗಳಿದ್ದವು. ಆದರೆ ಅದರ ಹಿಂದಿನ ವಾರವಷ್ಟೇ ನಗರದ ಬೇರೆ ಊರಿನವರ ಸಂಘಗಳೆಲ್ಲ ಅವನನ್ನು ಕರೆದು, ಇಷ್ಟು ಶುದ್ಧವಾದ ಪಟ್ಟಿ ಹೇಗೆ ಮಾಡಿದಿರಿ, ನಮಗೂ ಕಲಿಸಿ ಎಂದು ಕೇಳಿದ್ದವು. ಫಿಕ್ರಿ ಎಲ್ಲರ ಮುಂದೆ ಅವನ ಭುಜ ತಟ್ಟಿ, ಇವನ ಕೈಯಲ್ಲಿ ಒಂದು ಕೂದಲು ದಾರಿ ತಪ್ಪಲ್ಲ ಎಂದಿದ್ದ. ನಾಳೆ ಹೇಳೋಣ ಎಂದುಕೊಂಡ ಸಬ್ರಿ. ಹಾಗೆ ನಾಳೆಗಳು ಮದುವೆಯ ದಿನದ ತನಕ ಬಂದವು.

ಆ ಸಂಜೆ ಅವನು ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೊಟ್ಟು ಅಗಮಿಯ ತನಕ ಹೋಗಿದ್ದು ಯಾರಿಗೂ ಗೊತ್ತಿಲ್ಲ. ಬೀದಿಗೆ ಅಡ್ಡಲಾಗಿ ಬಣ್ಣದ ಚಪ್ಪರ, ದೀಪದ ಸರಗಳು, ಕುರ್ಚಿಗಳು ಸಾಲುಸಾಲಾಗಿ ಖಾಲಿ. ವರನ ಕಡೆಯ ಕೆಲವರು ಒಂದು ಮೂಲೆಯಲ್ಲಿ ಗುಂಪಾಗಿದ್ದರು. ದಫ್ ಬಡಿಯುವವರು ಬಡಿಯುತ್ತಿದ್ದರು, ಕುಣಿಯುವ ಸಾಲು ಕಟ್ಟಲು ಊರಿನವರೇ ಇರಲಿಲ್ಲ. ಅನ್ನ ಮಾಂಸದ ದೊಡ್ಡ ಪಾತ್ರೆಗಳಿಗೆ ಮುಚ್ಚಿದ್ದ ಬಟ್ಟೆ ಹಾಗೇ ಇತ್ತು. ಚಪ್ಪರದ ಬಾಯಲ್ಲಿ ಖಲೀಲ್ ನಿಂತಿದ್ದ. ಯಾರನ್ನೋ ತಬ್ಬಲು ಸಿದ್ಧವಾದ ಹಾಗೆ ತೋಳುಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದು, ರಸ್ತೆಯ ಕಡೆ ನೋಡುತ್ತಿದ್ದ. ಒಂದು ವ್ಯಾನು ನಿಂತರೆ ಮುಖ ಬೆಳಗುತ್ತಿತ್ತು, ಇಳಿದವರು ಬೇರೆ ಕಡೆ ಹೋದರೆ ಹಾಗೇ ಆರುತ್ತಿತ್ತು. ಸಬ್ರಿ ಕಬ್ಬಿನ ಹಾಲಿನ ಅಂಗಡಿಯ ಹಿಂದೆ ನಿಂತುಬಿಟ್ಟ. ಒಂದು ಲೋಟ ತೆಗೆದುಕೊಂಡ, ಕುಡಿಯಲಾಗಲಿಲ್ಲ. ತಾನೊಬ್ಬನಾದರೂ ಹೋಗಿ ಆ ತೋಳುಗಳ ನಡುವೆ ನಿಂತಿದ್ದರೆ! ಆದರೆ ಎಲ್ಲರೂ ಬಂದಿಲ್ಲದಾಗ ಒಬ್ಬನೇ ಬಂದವನನ್ನು ಖಲೀಲ್ ಖಂಡಿತ ಕೇಳುತ್ತಾನೆ, ಉಳಿದವರೆಲ್ಲಿ, ಯಾಕೆ ಬರಲಿಲ್ಲ ಎಂದು. ಆ ಪ್ರಶ್ನೆಗೆ ನಿಜವಾದ ಉತ್ತರ ಗೊತ್ತಿದ್ದವನು ಆ ನಗರದಲ್ಲೆಲ್ಲ ತಾನೊಬ್ಬನೇ ಎಂಬುದೇ ಅವನ ಕಾಲುಗಳನ್ನು ಹಿಂದಕ್ಕೆ ತಿರುಗಿಸಿತು. ವ್ಯಾನಿನಲ್ಲಿ ಕೂತು, ಬೆನ್ನುನೋವೆಂದು ಖಲೀಲನ ಮಗಳ ಫೋನಿಗೆ ಸಂದೇಶ ಕಳಿಸಿದ.

“ಸಲಾಮು ಅಲೈಕುಂ.”

ಖಲೀಲನ ದನಿ. ಹೊರಕೋಣೆಯಲ್ಲಿ ಬಿಲ್ಲೆಗಳು ನಿಂತವು. ಸಲಾಮಿಗೆ ಉತ್ತರ ಕೊಡದಿದ್ದರೆ ಪಾಪ. ಫಿಕ್ರಿ ಮುಖ ಎತ್ತದೆ ಆ ಉತ್ತರವನ್ನು ಡಾಮಿನೋ ಬಿಲ್ಲೆಗಳಿಗೆ ಹೇಳಿದ. ಖಲೀಲ್ ಒಳಗೆ ಬಂದು ಸಬ್ರಿಯ ಎದುರಿನ ಕುರ್ಚಿಯಲ್ಲಿ ಕೂತ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಔಷಧಿ ಅಂಗಡಿಯ ಪೊಟ್ಟಣಗಳು. ತೆಳ್ಳಗಾಗಿದ್ದ. ಸಬ್ರಿ ಎದ್ದು ದಾಸವಾಳದ ತಂಪು ಪಾನಕ ತಂದು ಮುಂದಿಟ್ಟ. ಮಗಳು ಅಳಿಯ ಹೇಗಿದ್ದಾರೆಂದು ಕೇಳಿದ, ಗಾಳಿ ಜೋರಾಗಿದೆ ಎಂದ, ಈ ಗಾಳಿಗೆ ಕರೆಂಟು ಹೋಗಿಬಂದು ಮಾಡುತ್ತದೆ, ಕಂಪ್ಯೂಟರು ಏಳುವುದಕ್ಕೇ ಹೊತ್ತಾಗುತ್ತದೆ ಎಂದ. ಕಂಪ್ಯೂಟರು ಅವನ ಪಕ್ಕದಲ್ಲೇ ಬೆಳಗುತ್ತಿತ್ತು.

“ಆತುರ ಇಲ್ಲ ಬಿಡು, ಏಳಲಿ,” ಎಂದ ಖಲೀಲ್. “ನೋಡು, ಒಂದು ವರ್ಷ ನನ್ನ ಫೋನು ಸತ್ತಂಗಿತ್ತು. ಸಂಘದ್ದು ಒಂದು ಮೆಸೇಜ್ ಇಲ್ಲ. ಕೆಟ್ಟಿದೆ ಅಂತ ರಿಪೇರಿಯವನ ಹತ್ರ ತಗೊಂಡು ಹೋದೆ. ಫೋನು ಚೆನ್ನಾಗೈತೆ ಹಾಜಿ, ನಿಮ್ಮ ಜನಾನೇ ಕೆಟ್ಟಿರಬೇಕು ಅಂದ. ಆಮೇಲೆ ನನ್ನ ಮಗಳ ಮದುವೆ ವಾರದಿಂದ ಶುರುವಾಯ್ತು ನೋಡು, ಮಳೆ ಸುರಿದಂಗೆ. ಸಭೆ ಇದೆ, ಪ್ರವಾಸ ಇದೆ, ಕಣ್ಣಿನ ಡಾಕ್ಟರು ಬರ್ತಾರೆ. ನಾನು ಓದಿದವನಲ್ಲ. ನೀನು ಓದಿದವನು, ಅದು ಹೆಂಗೆ ಅಂತ ಹೇಳು.”

ಸಬ್ರಿ ಪರದೆಯನ್ನು ಮತ್ತೆ ಕರವಸ್ತ್ರದಿಂದ ಒರೆಸಿದ. ಹೊರಗೆ ಬಿಲ್ಲೆಗಳ ಸದ್ದಿರಲಿಲ್ಲ. ಆ ಮೂವರು ಕಿವಿ ಕೊಟ್ಟಿದ್ದಾರೆಂದು ಅವನ ಕುತ್ತಿಗೆಯ ಹಿಂಭಾಗಕ್ಕೆ ಗೊತ್ತಾಗುತ್ತಿತ್ತು.

“ನಂಗೆ ಹಾಲು ಕೊಟ್ಟವಳು ಸತ್ತಿದ್ದು ನಂಗೆ ಗೊತ್ತಾಗಿದ್ದು ಮೀನಿನ ಮಾರ್ಕೆಟ್ಟಲ್ಲಿ. ಮದುವೆ ಆಗಿ ಎಷ್ಟೋ ದಿನ ಆದ್ಮೇಲೆ. ಯಾವನೋ ಮೀನು ತೂಗಿಸ್ತಾ ಹೇಳ್ದ, ನೀನು ಅವಳ ಸಾವಿಗೂ ಬರ್ಲಿಲ್ಲವಂತಲ್ಲ ಅಂತ. ಮೀನು ಅಲ್ಲೇ ಬಿಟ್ಟು ಬಂದೆ.” ಖಲೀಲ್ ಚೀಲವನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ. “ಒಂದೇ ಒಂದು ಮಾತು ಕೇಳ್ತೀನಿ, ಸಬ್ರಿ. ಅವತ್ತು ನಂಗೆ ಕಳಿಸಿದ್ರಾ?”

ಎಷ್ಟು ಸುಲಭವಾದ ಪ್ರಶ್ನೆ! ಇಲ್ಲ ಎಂಬ ಎರಡಕ್ಷರ. ಸಬ್ರಿಯ ಕಣ್ಣಿಗೆ ಬಾಗಿಲಿನ ಸಂದಿಯಲ್ಲಿ ಫಿಕ್ರಿಯ ಮೊಣಕೈ ಕಾಣುತ್ತಿತ್ತು, ಅದರ ಪಕ್ಕ ಬಿಲ್ಲೆಯೊಂದು ನೆಟ್ಟಗೆ ನಿಂತಿತ್ತು. ತನ್ನ ದನಿ ತನಗೇ ಕೇಳಿಸಿತು, ಪ್ರಯೋಗಾಲಯದ ವರದಿ ಓದುವ ದನಿ: “ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಗಿದೆ, ಖಲೀಲ್.”

ಒಂದು ಅಕ್ಷರವೂ ಸುಳ್ಳಲ್ಲದ ವಾಕ್ಯ. ಹೇಳಿ ಮುಗಿಸಿದ ಮೇಲೆ ಬಾಯಲ್ಲಿ ತಗಡಿನ ರುಚಿ ಉಳಿಯಿತು. ಖಲೀಲ್ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆ ನೋಟದಲ್ಲಿ ಅನುಮಾನವಿತ್ತೋ ಕರುಣೆಯಿತ್ತೋ ಸಬ್ರಿಗೆ ತಿಳಿಯಲಿಲ್ಲ. ಶಾಲೆಯಲ್ಲಿ ಹುಡುಗರು ಆಷಾ ಎಂದು ಹಾಡುತ್ತಿದ್ದಾಗಲೂ ಅವನು ಹೀಗೇ ನೋಡುತ್ತಿದ್ದ, ತಾನು ಮಾಡಿದ್ದೇನು ಎಂದು ಅರ್ಥವಾಗದೆ, ಆದರೂ ತನ್ನಿಂದಲೇ ಏನೋ ಆಯಿತೆಂದು.

“ಹಾಗಾದ್ರೆ ತಪ್ಪು ನಂದೇ,” ಎಂದ ಖಲೀಲ್. “ಸರಿ, ತೆಗಿ ಹೆಸರು. ನಾಳೆ ನಾನು ಸತ್ತಾಗ ಈ ಯಂತ್ರ ನಿಮ್ಮನ್ನೆಲ್ಲ ಕರೆಯೋದು ಬೇಡ. ಕರೆದ ಮೇಲೂ ಬರದೇ ಇರೋ ಕಷ್ಟ ನಿಮಗ್ಯಾಕೆ? ನಮ್ಮ ಬೀದಿ ಮಸೀದಿಯವರಿಗೆ ಹೇಳಿಟ್ಟಿದೀನಿ. ಹೊರಗಿನವರು, ಆದರೂ ಹೆಗಲು ಕೊಡ್ತಾರೆ.”

ಸಬ್ರಿ ಅವನ ಹೆಸರು ತೆರೆದ. ಖಲೀಲ್ ಕುರ್ಚಿ ಸರಿಸಿಕೊಂಡು ಬಂದು ಭುಜದ ಪಕ್ಕ ಕೂತ. ಅವನ ಬಟ್ಟೆಯಿಂದ ಕರ್ಪೂರದ ಮುಲಾಮಿನ ವಾಸನೆ ಬರುತ್ತಿತ್ತು. ಬೆರಳು ಗುಂಡಿಯ ಮೇಲೆ ಹೋಯಿತು. ಪರದೆಯ ನಡುವೆ ಒಂದು ಚೌಕ ಎದ್ದಿತು.

“ಏನು ಕೇಳ್ತಿದೆ ಅದು?”

“ಖಚಿತವಾ ಅಂತ.”

“ನಿಮಗಿಂತ ಅದಕ್ಕೇ ಮರ್ಯಾದೆ ಹೆಚ್ಚು,” ಎಂದ ಖಲೀಲ್. “ಒಂದು ಮಾತು ಕೇಳ್ತದೆ. ಹೂಂ ಅನ್ನು.”

ಸಬ್ರಿ ಹೂಂ ಎಂದ. ಸಾಲು ಹೋಯಿತು, ಕೆಳಗಿನ ಸಾಲುಗಳು ಒಂದು ಮೆಟ್ಟಿಲು ಮೇಲೆ ಬಂದು ಕೂತವು. ಸುಳಿವೇ ಇರಲಿಲ್ಲ, ನೀರಿಗೆ ಹಾಕಿದ ಕಲ್ಲು ಕೂಡ ಒಂದು ಉಂಗುರ ಬಿಟ್ಟುಹೋಗುತ್ತದೆ. ಖಲೀಲ್ ಎದ್ದು, ಸಬ್ರಿಯ ಭುಜದ ಮೇಲೆ ಕೈ ಇಟ್ಟು ಅದರ ಆಸರೆಯಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡ. ನಿನ್ನ ಬೆನ್ನು ನೋಡಿಕೋ ಎಂದ. ಹೊರಕೋಣೆ ದಾಟುವಾಗ ಮತ್ತೆ ಸಲಾಂ ಹೇಳಿದ, ಮತ್ತೆ ಫಿಕ್ರಿ ಬಿಲ್ಲೆಗಳಿಗೇ ಉತ್ತರ ಕೊಟ್ಟ. ಮೆಟ್ಟಿಲುಗಳ ಮೇಲೆ ಒಂದೊಂದೇ ಹೆಜ್ಜೆ ಇಳಿದುಹೋಯಿತು. ಪಾನಕದ ಲೋಟ ಅಂಚಿನ ತನಕ ಹಾಗೇ ತುಂಬಿತ್ತು. ಆಷಾ ಬದುಕಿದ್ದಿದ್ದರೆ ಆ ಲೋಟ ಹಿಡಿದು ಅವನ ಹಿಂದೆಯೇ ಬೀದಿಗೆ ಇಳಿಯುತ್ತಿದ್ದಳು. ತನ್ನ ಮನೆಯಲ್ಲಿ ಕೊಟ್ಟದ್ದನ್ನು ಮುಟ್ಟದೆ ಹೋದವನನ್ನು ಅವಳು ಟ್ರಾಮಿನ ಹಳಿಯ ತನಕ ಬಿಡುತ್ತಿರಲಿಲ್ಲ.

ಪಟ್ಟಿಯಲ್ಲಿ ಈಗ ಒಬ್ಬನೇ ಖಲೀಲ್ ಸಾಲಿಹ್ ಖಲೀಲ್. ಒಂದೇ ಹೆಸರಿನ ಜೋಡಿಗಳಿವೆಯೇ ಎಂದು ಹುಡುಕಿದರೆ ಇಲ್ಲ ಎನ್ನುತ್ತದೆ. ಕಣವೇ ಇಲ್ಲದ, ಎತ್ತಿ ಹಿಡಿದರೆ ಆಚೆಯದು ಕಾಣುವ ನೀರು. ಅಂಥ ನೀರನ್ನು ಕುಡಿಯಬಾರದೆಂದು ಅವನೇ ಹೊಸಬರಿಗೆ ಹೇಳುತ್ತಿದ್ದ, ಪೂರ್ತಿ ಶುದ್ಧವಾದದ್ದು ಮೈಯೊಳಗಿನ ಉಪ್ಪನ್ನೇ ಎಳೆದುಕೊಂಡು ಹೋಗುತ್ತದೆ. ಸಬ್ರಿ ಸಂದೇಶದ ಚೌಕ ತೆರೆದ. ಇದನ್ನು ಮಾಡುತ್ತೇನೆಂದು ಅವನು ತೀರ್ಮಾನಿಸಿರಲಿಲ್ಲ. ಬೆರಳುಗಳು ಶುರು ಮಾಡಿದವು, ಅವನು ಅವುಗಳ ಹಿಂದೆ ಓದುತ್ತ ಹೋದ. ಫಿಕ್ರಿಯವರ ತಾಯಿ ತೀರಿಕೊಂಡ ಸುದ್ದಿಯನ್ನು ಖಲೀಲ್ ದಹಿಬಾನಿಗೆ ಕಳಿಸಿರಲಿಲ್ಲ. ಅವನನ್ನು ಖಲೀಲ್ ನಬ್ರಾನೊಂದಿಗೆ ಸೇರಿಸಿ ಅವನ ಸಂಖ್ಯೆ ತೆಗೆದುಹಾಕಿದವನು ನಾನು. ಅವನ ಮಗಳ ಮದುವೆಗೆ ಮುಂಚೆಯೇ ನನಗೆ ಇದು ತಿಳಿದಿತ್ತು, ಹೇಳಲಿಲ್ಲ. ಅವನು ಬಾರದಿದ್ದದ್ದು ಅವನ ತಪ್ಪಲ್ಲ. ಕೊನೆಯಲ್ಲಿ ತನ್ನ ಹೆಸರು ಹಾಕಿದ. ಅದು ಅರ್ಧಕ್ಕೇ ನಿಂತಂತೆ ಕಂಡಿತು. ಪಕ್ಕದಲ್ಲಿ ಆಷಾ ಎಂದು ಸೇರಿಸಿ, ಎಲ್ಲರಿಗೂ ಕಳಿಸುವ ಗುಂಡಿ ಒತ್ತಿದ.

ಹೊರಕೋಣೆಯಲ್ಲಿ ಮೊದಲು ಒಂದು ಫೋನು ಸದ್ದು ಮಾಡಿತು, ಆಮೇಲೆ ಉಳಿದೆರಡು. ಕೆಳಗಿನ ಕಾಫಿ ಅಂಗಡಿಯಲ್ಲೂ ಊರಿನವರು ಕೂರುತ್ತಾರೆ. ಕಿಟಕಿಯಿಂದ ಅಲ್ಲಿನವೂ ಕೇಳಿಸಿದವು, ಅಲ್ಲೊಂದು ಇಲ್ಲೊಂದು. ನಬ್ರಾಳ ಮಗ ಕುವೈತಿನ ಅಡುಗೆಮನೆಯಲ್ಲಿ ಕೈ ಒರೆಸಿಕೊಂಡು ಓದುತ್ತಿರಬೇಕು. ಕುರ್ಚಿ ಎಳೆದ ಸದ್ದಾಯಿತು. ಫಿಕ್ರಿ ಬಾಗಿಲಲ್ಲಿ ಬಂದು ನಿಂತ, ಕನ್ನಡಕ ಹಣೆಯ ಮೇಲೆ, ಫೋನು ಕೈಯಲ್ಲಿ. ಬೈಯುತ್ತಾನೆ, ಹೊಡೆದರೂ ಹೊಡೆಯುತ್ತಾನೆ ಎಂದು ಸಬ್ರಿ ಎದ್ದು ನಿಂತ, ಹೊಡೆಸಿಕೊಳ್ಳುವುದಕ್ಕೆ ಅನುಕೂಲವಾಗಲೆಂಬ ಹಾಗೆ. ಫಿಕ್ರಿಯ ಕೆಳತುಟಿ ತಾಯಿಯ ಹೆಣದ ಮುಂದೆ ನಡುಗಿದ ಹಾಗೆಯೇ ನಡುಗುತ್ತಿತ್ತು. ಕೊನೆಗೆ ಕೇಳಿದ್ದು ಆ ದಿನ ಕುರ್ಚಿ ಪೇರಿಸುತ್ತ ಕೇಳಿದ ಅದೇ ಪ್ರಶ್ನೆ.

“ಖಲೀಲ್‌ಗೆ ಹೋಯ್ತಾ ಇದು?”

ಸಬ್ರಿ ಪರದೆಯ ಕಡೆ ತಿರುಗಿದ. ತಿರುಗುವ ಮುಂಚೆಯೇ ಉತ್ತರ ಗೊತ್ತಿತ್ತು. ಈಗಷ್ಟೇ, ಖಲೀಲನ ಕಣ್ಣೆದುರಿಗೇ, ಹೂಂ ಎಂದು ತೆಗೆದದ್ದು.

“ಇಲ್ಲ,” ಎಂದ.

ಮೆಟ್ಟಿಲು ಇಳಿಯುವಾಗ ಬೆನ್ನು ನೆನಪಾಗಲಿಲ್ಲ. ಬೀದಿಯಲ್ಲಿ ಶಾಲೆ ಬಿಟ್ಟ ಹೊತ್ತು, ಹುಡುಗರು ಚೀಲಗಳಿಂದ ಒಬ್ಬರಿಗೊಬ್ಬರು ಬಡಿಯುತ್ತ, ಟ್ರಾಮು ಗಂಟೆ ಬಾರಿಸುತ್ತ, ಹಳೆಯ ಪೀಠೋಪಕರಣದ ಅಂಗಡಿಗಳವರು ಕುರ್ಚಿಗಳನ್ನು ಹೊರಗಿಟ್ಟುಕೊಂಡು. ವ್ಯಾನುಗಳು ನಿಲ್ಲುವ ಚೌಕದ ತನಕ ಸಬ್ರಿ ಓಡಿದನೋ ನಡೆದನೋ. ಅಗಮಿ, ಅಗಮಿ, ಒಬ್ಬ ಬಂದ್ರೆ ಹೊರಟೆ ಎಂದು ಚಾಲಕ ಕೂಗುತ್ತಿದ್ದ. ಒಳಗೆ ಹಿಂದಿನ ಕಿಟಕಿಯ ಬಳಿ ಬಿಳಿ ತಲೆಯೊಂದು ಆ ಕಡೆ ತಿರುಗಿ ಕೂತಿತ್ತು. ಖಲೀಲ್ ಎಂದು ಕೂಗಿದ. ಚಾಲಕ ತಿರುಗಿ ನೋಡಿದ, ಕಿತ್ತಳೆ ಹಣ್ಣಿನವನೂ ನೋಡಿದ, ಇಬ್ಬರೂ ಖಲೀಲರೇ ಇರಬೇಕು. ಬಿಳಿ ತಲೆ ತಿರುಗಲಿಲ್ಲ. ಇಂಜಿನು ಶುರುವಾಯಿತು. ಸಬ್ರಿಯ ಗಂಟಲಲ್ಲಿ ಆ ಶಾಲೆಯ ಅಂಗಳದಿಂದ ಇಲ್ಲಿಯ ತನಕ ಸಿಕ್ಕಿಕೊಂಡಿದ್ದದ್ದು ಒಂದೇ ಸಲಕ್ಕೆ ಬಿಟ್ಟುಕೊಂಡಿ​ತು.

“ಖಲೀಲ್ ದಹಿಬಾ! ದಹಿಬಾಳ ಮಗ ಖಲೀಲ್!”

ಶಾಲೆಯ ಹುಡುಗರು ನಿಂತರು. ಒಬ್ಬ ಇನ್ನೊಬ್ಬನ ಪಕ್ಕೆಗೆ ತಿವಿದ. ದಹಿಬಾ, ದಹಿಬಾ ಎಂದು ಒಂದು ಸಣ್ಣ ದನಿ ಎದ್ದಿತು, ನಗೆ ಎದ್ದಿತು. ಬಿಳಿ ತಲೆ ನಿಧಾನವಾಗಿ ಕಿಟಕಿಯಿಂದ ಹೊರಗೆ ಬಂತು. ಖಲೀಲ್ ಬೀದಿಯನ್ನು ನೋಡಿದ, ಹುಡುಗರನ್ನು ನೋಡಿದ, ಏದುಸಿರು ಬಿಡುತ್ತ ನಿಂತ ಸಬ್ರಿಯನ್ನು ನೋಡಿದ.

“ಏನೋ ಆಷಾಳ ಮಗನೇ,” ಎಂದ, ಸಾವಕಾಶವಾಗಿ. “ಬೀದಿಯಲ್ಲಿ ನಿಂತು ನನ್ನ ತಾಯಿ ಹೆಸರು ಕೂಗ್ತಿದೀಯಾ?”

ಹುಡುಗರಿಗೆ ಹಬ್ಬವಾಯಿತು. ಆಷಾ! ಆಷಾ! ಸಬ್ರಿ ಆ ಕೂಗಿನ ನಡುವೆಯೇ ನಡೆದುಹೋದ. ಹಿಂದೆ ದೂರದಲ್ಲಿ ಫಿಕ್ರಿ, ಮೊಣಕಾಲು ಸರಿಯಿಲ್ಲದವನು, ಗೋಡೆ ಹಿಡಿದುಕೊಂಡು ಬರುತ್ತಿರುವುದು ಕಂಡಿತು. ಚಾಲಕ, ಹತ್ತೋದಾದ್ರೆ ಹತ್ತು ಹಾಜಿ, ಇಲ್ಲಾಂದ್ರೆ ದಾರಿ ಬಿಡು ಎಂದ. ಸಬ್ರಿ ಹತ್ತಿದ. ವ್ಯಾನಿನಲ್ಲಿ ಉಳಿದಿದ್ದ ಒಂದೇ ಜಾಗ ಖಲೀಲನ ಪಕ್ಕದ್ದು, ಅದರ ಮೇಲೆ ಔಷಧಿಯ ಚೀಲ ಇತ್ತು. ಖಲೀಲ್ ಚೀಲವನ್ನು ನೋಡಿದ, ಸಬ್ರಿಯನ್ನು ನೋಡಿದ, ಚೀಲ ಎತ್ತಲಿಲ್ಲ. ತಗ್ಗಾದ ಮಾಡಿಗೆ ತಲೆ ತಾಗದಂತೆ ಬೆನ್ನು ಬಗ್ಗಿಸಿ, ಮುಂದಿನ ಸೀಟಿನ ಕಂಬಿ ಹಿಡಿದು, ಸಬ್ರಿ ನಿಂತುಕೊಂಡೇ ಹೇಳತೊಡಗಿದ.